ಕಾಫಿಗೆ ಯಾಕೆ ಹಬ್ಬ ಇಲ್ಲ?

ಹೊಸ ಭತ್ತದ ತೆನೆಯನ್ನು, ಅದೇ ಕದಿರನ್ನು, ಮನೆಗೆ ತರುವ ಕೊಡಗಿನ ಹಬ್ಬ ಹುತ್ತರಿ. ಹೋದ ಹುತ್ತರಿಯ ರಾತ್ರಿ ನಾವು ಕದಿರು ತೆಗೆಯಲು ಹೋಗಿದ್ದ ಗದ್ದೆ ಒಂದು ಕೋಣೆಯಷ್ಟೇ ಇತ್ತು. ಸುತ್ತಲೂ ಹುಲ್ಲು, ಕೆಸುವಿನ ಗಿಡ, ಒಂದು ಬದಿಗೆ ಮೂರು ವರ್ಷದ ಅಡಿಕೆ ಸಸಿಗಳು. ನಡುವೆ ಹತ್ತು ಹೆಜ್ಜೆ ಉದ್ದ, ಏಳೆಂಟು ಹೆಜ್ಜೆ ಅಗಲದ ಭತ್ತ. ಅದನ್ನು ಮಾರಲು ಬೆಳೆದದ್ದಲ್ಲ. ಉಣ್ಣಲು ಅಂತ ಬೆಳೆದದ್ದೂ ಅಲ್ಲ. ಆ ಒಂದು ರಾತ್ರಿಗೆ ಕದಿರು ಬೇಕಲ್ಲ, ಅದಕ್ಕೆ ಬೆಳೆದದ್ದು. ಅದರ ಸುತ್ತ ನಾವು ಮೂವತ್ತು ಜನ ನಿಂತಿದ್ದೆವು. ಪಕ್ಕದ ಮನೆಯ ಅಜ್ಜ ಕೊಡವರ ನಿಲುವಂಗಿ ಕುಪ್ಯ ತೊಟ್ಟು, ಸೊಂಟಕ್ಕೆ ಚೇಲೆಯ ಪಟ್ಟಿ ಕಟ್ಟಿ ಕುಡುಗೋಲು ಹಿಡಿದು ಬದುವಿನ ಮೇಲೆ ನಿಂತಿದ್ದರು, ಅವರ ಮಗ ಕೋವಿ ಹಿಡಿದಿದ್ದ, ಮಕ್ಕಳು ಪಟಾಕಿಯ ಪೆಟ್ಟಿಗೆ ಬಿಚ್ಚಿ ಬೆಂಕಿಪೊಟ್ಟಣ ಹುಡುಕುತ್ತಿದ್ದರು, ಎಲ್ಲರೂ ಮೊಬೈಲಿನ ಗಡಿಯಾರ ನೋಡುತ್ತಿದ್ದರು. ಹೊತ್ತಾಯಿತು. ಗುಂಡು ಹಾರಿತು. "ಪೊಲಿ ಪೊಲಿ ದೇವಾ" ಅಂತ ಎಲ್ಲರೂ ಒಟ್ಟಿಗೆ ಕೂಗಿದೆವು, ಬೆಳೆ ಹೆಚ್ಚಲಿ ದೇವರೇ ಅಂತ ಅರ್ಥ.

ಕೂಗುತ್ತಾ ಸುಮ್ನೆ ತಲೆ ಎತ್ತಿ ನೋಡಿದೆ. ಹುಣ್ಣಿಮೆ ಬೆಳಕು. ಮೂರು ಕಡೆಯ ಬೆಟ್ಟದಲ್ಲೂ ಕಾಫಿ. ಅರೇಬಿಕಾ ಹಣ್ಣಾಗಿ ಗಿಡ ಬಾಗಿತ್ತು. ಅಲ್ಲಿ ನಿಂತಿದ್ದ ಒಬ್ಬೊಬ್ಬರ ಮನೆ, ಗಾಡಿ, ಮಕ್ಕಳ ಫೀಸು ಎಲ್ಲ ಆ ಗಿಡಗಳಿಂದಲೇ ಬಂದದ್ದು. ನನ್ನ ಓದು ಕೂಡ. ಆದರೆ ನಾವು ಕೈಮುಗಿದು ನಿಂತದ್ದು ಕೋಣೆಯಷ್ಟಿದ್ದ ಆ ಭತ್ತಕ್ಕೆ.

ಕೊಡಗಿನಲ್ಲಿ ಕಾಫಿಗೆ ಒಂದೇ ಒಂದು ಹಬ್ಬ ಇಲ್ಲ. ಆವತ್ತಿಂದ ಇದೇ ತಲೆಯಲ್ಲಿ ತಿರುಗುತ್ತಿದೆ.

ನಾನು ಇಲ್ಲೇ ಹುಟ್ಟಿದವಳು. ಅಪ್ಪ ಹಾಸನದ ಕಡೆಯವರು, ನಾಪೋಕ್ಲಿನ ಹತ್ತಿರದ ಹಳ್ಳಿಗೆ ಶಾಲೆ ಮೇಷ್ಟ್ರಾಗಿ ಬಂದು ಇಲ್ಲೇ ಉಳಿದರು. ಆಮೇಲೆ ಸಾಲ ಮಾಡಿ ಎರಡು ಎಕರೆ ತೋಟ ತಗೊಂಡರು. ನಮ್ಮ ಮನೆಮಾತು ಕನ್ನಡ. ಆದರೆ ಹಬ್ಬಗಳನ್ನು ನಾನು ಕಲಿತದ್ದು ಪಕ್ಕದ ಮನೆಯಲ್ಲಿ. ಅಲ್ಲಿಯ ಅಜ್ಜಿ ನನ್ನನ್ನು ಯಾವತ್ತೂ ಹೊರಗಿನವಳು ಅಂತ ನೋಡಲಿಲ್ಲ. ಕಡಂಬುಟ್ಟು ಉಂಡೆ ಕಟ್ಟೋದನ್ನು, ದೀಪಕ್ಕೆ ಬತ್ತಿ ಹೊಸೆಯೋದನ್ನು ಅವರ ಪಕ್ಕ ಕೂತೇ ಕಲಿತೆ. ಹಾಗಾಗಿ ಈಗ ಬರೆಯುತ್ತಿರುವುದು ಪಕ್ಕದ ಮನೆಯ ಜಗಲಿಯಿಂದ ಕಂಡದ್ದು.

ಇಡೀ ವರ್ಷ ಒಮ್ಮೆ ಲೆಕ್ಕ ಹಾಕಿ ನೋಡಿ. ಕೊಡವರ ವರ್ಷ ಏಪ್ರಿಲ್ ನಡುವೆ, ಎಡಮ್ಯಾರ್ ತಿಂಗಳ ಮೊದಲ ದಿನ ಶುರುವಾಗುತ್ತದೆ. ಬಿಸು ಚಂಗ್ರಾಂದಿ. ಆವತ್ತು ಬೆಳಿಗ್ಗೆ ಎತ್ತಿಗೆ ಪೂಜೆ ಮಾಡಿ ಗದ್ದೆಯಲ್ಲಿ ಮೊದಲ ಉಳುಮೆ. ನೆಲ ಇನ್ನೂ ಗಟ್ಟಿ ಇರುತ್ತದೆ, ಆದರೂ ಶಾಸ್ತ್ರಕ್ಕೆ ನೇಗಿಲು ಮಣ್ಣು ಮುಟ್ಟಬೇಕು. ಹೊಸ ವರ್ಷ ಅಂದರೆ ನೇಗಿಲು. ಅಲ್ಲಿಂದಲೇ ಗೊತ್ತಾಗುತ್ತದೆ, ಈ ಪಂಚಾಂಗ ಯಾರ ಬದುಕಿಗೆ ಹೊಲಿದದ್ದು ಅಂತ.

ಆಮೇಲೆ ಮಳೆ ಬರುತ್ತದೆ. ಜುಲೈ ನಡುವಿನಿಂದ ಆಗಸ್ಟ್ ನಡುವಿನವರೆಗೆ ಕಕ್ಕಡ. ಬೇರೆ ಕಡೆ ಆಷಾಢ ಅಂತ ಮದುವೆ ಮುಂಜಿ ನಿಲ್ಲಿಸುತ್ತಾರಲ್ಲ, ಇಲ್ಲಿಯೂ ಕಕ್ಕಡದಲ್ಲಿ ಶುಭಕಾರ್ಯ ಇಲ್ಲ. ನನಗೆ ಅದರ ಕಾರಣ ಬಹಳ ಸರಳ ಅನ್ನಿಸುತ್ತದೆ. ಯಾರಿಗೂ ಪುರುಸೊತ್ತಿರಲಿಲ್ಲ. ಬೆಳಿಗ್ಗೆ ಮಳೆ ತಡೆಯುವ ಗೊರಬೆ ಹಾಕಿಕೊಂಡು ಗದ್ದೆಗೆ ಇಳಿದರೆ ಕತ್ತಲಾದ ಮೇಲೆ ಮನೆ. ದಿನವಿಡೀ ಮೊಣಕಾಲುದ್ದ ಕೆಸರು, ಬೆನ್ನ ಮೇಲೆ ಮಳೆ, ಕಾಲಿಗೆ ಜಿಗಣೆ. ಆಗ ಉಣ್ಣುತ್ತಿದ್ದದ್ದೂ ಅದಕ್ಕೆ ತಕ್ಕ ಹಾಗೆ: ಗದ್ದೆಯ ಏಡಿ, ಕಣಿಲೆ ಅನ್ನುವ ಎಳೆ ಬಿದಿರು, ಕಾಡಿನ ಅಣಬೆ, ಕಪ್ಪು ಹುಳಿರಸ ಕಾಚಂಪುಳಿ ಹಾಕಿದ ಹಂದಿ ಸಾರು. ಮೈ ಬೆಚ್ಚಗಿಡಬೇಕಿತ್ತು.

ಈ ತಿಂಗಳ 18ನೇ ದಿನ ಮದ್ದು ಸೊಪ್ಪಿನ ದಿನ. ಆಗಸ್ಟ್ 3ಕ್ಕೆ ಬರುತ್ತದೆ. ಬೇಲಿ ಬದಿಯಲ್ಲಿ ಬೆಳೆಯುವ ಸಾಮಾನ್ಯ ಗಿಡ ಅದು, ಸಸ್ಯಶಾಸ್ತ್ರದಲ್ಲಿ ಜಸ್ಟೀಷಿಯಾ ವೈನಾಡೆನ್ಸಿಸ್. ಕಕ್ಕಡದಲ್ಲಿ ದಿನಕ್ಕೊಂದು ಮದ್ದು ಅದರೊಳಗೆ ಸೇರುತ್ತಾ ಹೋಗಿ 18ನೇ ದಿನ 18 ಮದ್ದು ತುಂಬಿರುತ್ತದೆ ಅನ್ನೋದು ನಂಬಿಕೆ. ಸೊಪ್ಪನ್ನು ಕುದಿಸಿದರೆ ನೀರು ಗಾಢ ನೇರಳೆ ಆಗುತ್ತದೆ. ಆ ನೀರಲ್ಲಿ ಅಕ್ಕಿ, ಬೆಲ್ಲ, ತೆಂಗಿನ ಹಾಲು ಹಾಕಿ ಪಾಯಸ ಮಾಡುತ್ತಾರೆ, ಇಲ್ಲಾ ಮದ್ದುಪುಟ್ಟು. ವಾಸನೆ ಹೇಳೋದು ಕಷ್ಟ, ಮಳೆ ನಿಂತ ಮೇಲೆ ಕಾಡಿನ ಒಳಗಿಂದ ಬರುತ್ತದಲ್ಲ, ಆ ಥರ. ಮಾರನೇ ದಿನ ಮೂತ್ರ ಕೆಂಪಾಗುತ್ತದೆ. ಮೊದಲ ಸಲ ತಿಂದಾಗ ನನಗೆ ಆರು ವರ್ಷ, ಅಳುತ್ತಾ ಅಜ್ಜಿಯ ಹತ್ತಿರ ಓಡಿದ್ದೆ. ಅವರು ತಲೆ ಸವರಿ, ಮದ್ದು ಮೈಗೆ ಹಿಡಿದಿದೆ ಮಗಳೇ, ಇನ್ನು ಮಳೆಗಾಲ ನಿನ್ನನ್ನು ಏನೂ ಮಾಡಲ್ಲ ಅಂದಿದ್ದರು. ಈಗಲೂ ಆಗಸ್ಟ್ 4ರ ಬೆಳಿಗ್ಗೆ ನನಗೆ ಆ ಮಾತೇ ನೆನಪಾಗುವುದು.

ಅಜ್ಜಿ ಹೇಳುತ್ತಿದ್ದ ಇನ್ನೊಂದು ವಿಷಯ ನಾಟಿ ಓಟ. ಇದನ್ನು ನಾನು ಕಣ್ಣಾರೆ ನೋಡಿಲ್ಲ, ಆದರೆ ಎಷ್ಟು ಸಲ ಕೇಳಿದ್ದೇನೆ ಅಂದರೆ ನೋಡಿದ ಹಾಗೇ ಇದೆ. ಮನೆಯ ಅತಿ ದೊಡ್ಡ ಗದ್ದೆಯ ನಾಟಿಯನ್ನು ಕೊನೆಗೆ ಇಟ್ಟುಕೊಳ್ಳುತ್ತಿದ್ದರಂತೆ. ಅದರಲ್ಲಿ ಈ ತುದಿಯಿಂದ ಆ ತುದಿಯವರೆಗೆ ಸುಮಾರು ಹತ್ತು ಅಡಿ ಅಗಲದ ಪಟ್ಟಿಯನ್ನು ನೆಡದೆ ಬಿಡಬೇಕು. ಅಲ್ಲಿ ಗಂಡಸರು ಕೆಸರಲ್ಲಿ ಓಡಬೇಕು. ಗೆದ್ದವನಿಗೆ ಬಟ್ಟೆ, ಎರಡನೆಯವನಿಗೆ ಬಾಳೆಗೊನೆ, ಆಮೇಲಿನವನಿಗೆ ಹಲಸಿನ ಹಣ್ಣು. ಓಟ ಮುಗಿದ ಮೇಲೆ ಆ ಪಟ್ಟಿಯಲ್ಲೂ ಸಸಿ ನೆಟ್ಟರೆ ವರ್ಷದ ನಾಟಿ ಮುಗಿದ ಲೆಕ್ಕ. ಈಗ ಕೆಸರುಗದ್ದೆ ಕ್ರೀಡಾಕೂಟ ಅಂತ ಮೈಕು, ಶಾಮಿಯಾನ ಹಾಕಿ ಮಾಡುತ್ತಾರೆ, ಚೆನ್ನಾಗಿಯೇ ಮಾಡುತ್ತಾರೆ, ನಾನೂ ಹೋಗಿ ಕೂಗಿದ್ದೇನೆ. ಆದರೆ ಅಲ್ಲಿ ಓಟ ಮುಗಿದ ಮೇಲೆ ಎಷ್ಟೋ ಸಲ ಯಾರೂ ಸಸಿ ನೆಡುವುದಿಲ್ಲ. ಅದು ನನಗೆ ಪ್ರತಿ ಸಲ ಚುಚ್ಚುತ್ತದೆ.

ನಾಟಿ ಮುಗಿದರೆ ಕೈಲ್ ಮುಹೂರ್ತ, ಕೊಡವರ ಮಾತು ಕೊಡವ ತಕ್ಕ್‌ನಲ್ಲಿ ಕೈಲ್ ಪೊಳ್ದ್. ಸೆಪ್ಟೆಂಬರ್ 3. ಕೆಲವು ನಾಡುಗಳಲ್ಲಿ ಒಂದೆರಡು ದಿನ ಹಿಂದೆ ಮುಂದೆ ಆಗುತ್ತದೆ. ಹೊರಗಿನವರಿಗೆ ಇದು ಕೋವಿ ಹಬ್ಬ. ಪೇಪರಿನಲ್ಲಿ ಬರುವ ಫೋಟೋ ಕೂಡ ಅದೇ: ನೆಲ್ಲಕ್ಕಿ ಅನ್ನುವ ಒಳ ನಡುಮನೆಯ ದೀಪದ ಮುಂದೆ ಸಾಲಾಗಿ ಇಟ್ಟ ಕೋವಿ, ಪೀಚೆಕತ್ತಿ, ಒಡಿಕತ್ತಿ, ಮೇಲೆ ತೋಕ್ ಪೂ. ತೋಕ್ ಅಂದರೆ ಕೋವಿ, ಪೂ ಅಂದರೆ ಹೂ. ಬೆಂಕಿಯ ನಾಲಗೆಯ ಹಾಗೆ ಹಳದಿ ಕೆಂಪಾಗಿ ಅರಳುವ ಅಗ್ನಿಶಿಖೆ ಅದು, ಸರಿಯಾಗಿ ಈ ಸಮಯಕ್ಕೇ ಬೇಲಿಯಲ್ಲಿ ಹೂ ಬಿಡುತ್ತದೆ. ಕೊಡವರಿಗೂ ಜಮ್ಮಾ ಅನ್ನುವ ಹಳೆಯ ಪಾರಂಪರಿಕ ಜಮೀನಿನ ಹಿಡುವಳಿದಾರರಿಗೂ ಕೋವಿ ಇಟ್ಟುಕೊಳ್ಳಲು ಲೈಸೆನ್ಸ್‌ನಿಂದ ವಿನಾಯಿತಿ ಇದೆ, ಬ್ರಿಟಿಷರ ಕಾಲದಿಂದ ಬಂದದ್ದು, 2019ರಲ್ಲಿ ಕೇಂದ್ರ ಸರ್ಕಾರ ಅದನ್ನು ಮತ್ತೆ 10 ವರ್ಷಕ್ಕೆ ಮುಂದುವರಿಸಿತು. ಹಾಗಾಗಿ ಎಲ್ಲರ ಕಣ್ಣೂ ಕೋವಿಯ ಮೇಲೇ ಹೋಗುತ್ತದೆ.

ಆದರೆ ಆ ಹಬ್ಬದ ಇನ್ನೊಂದು ಅರ್ಧ ಫೋಟೋದಲ್ಲಿ ಬರುವುದಿಲ್ಲ. ಗದ್ದೆ ಕೆಲಸ ಶುರುವಾದಾಗ ಕೋವಿ ಒಳಗಿಡುತ್ತಿದ್ದರು. ನಾಟಿ ಮುಗಿಯುವವರೆಗೆ ಬೇಟೆ ಇಲ್ಲ, ಕೋವಿ ಮುಟ್ಟುವುದಿಲ್ಲ. ಕೈಲ್ ಮುಹೂರ್ತದ ದಿನ ನೇಗಿಲು, ನೊಗ ತೊಳೆದು ಪೂಜೆ ಮಾಡಿ ಎತ್ತಿಗೆ ರಜೆ ಕೊಟ್ಟು, ಆಮೇಲೆ ಕೋವಿ ಕೈಗೆ. ಅಂದರೆ ಒಂದು ಆಯುಧ ಕೆಳಗಿಟ್ಟು ಇನ್ನೊಂದನ್ನು ಎತ್ತಿಕೊಳ್ಳುವ ದಿನ ಅದು. ಕೆಳಗಿಟ್ಟದ್ದು ನೇಗಿಲು! ನಮ್ಮ ಪಕ್ಕದ ಮನೆಯಲ್ಲಿ ಈಗ ನೇಗಿಲಿಲ್ಲ, ಟಿಲ್ಲರ್ ಇತ್ತು, ಅದನ್ನೂ ಮಾರಿದರು. ಕೋವಿ ಇದೆ. ಬೇಟೆ ಕಾನೂನಿನಲ್ಲಿ ನಿಂತು ಎಷ್ಟೋ ಕಾಲವಾಯಿತು, ಹಾಗಾಗಿ ಊರ ಮೈದಾನದಲ್ಲಿ ಮರದ ತುದಿಗೆ ಕಟ್ಟಿದ ತೆಂಗಿನಕಾಯಿಗೆ ಗುಂಡು ಹೊಡೆಯುವ ಸ್ಪರ್ಧೆ. ಹೆಂಗಸರೂ ಹೊಡೆಯುತ್ತಾರೆ. ಕಳೆದ ಕೆಲವು ವರ್ಷದಲ್ಲಿ ನಾನು ನೋಡಿದ ಒಳ್ಳೆಯ ಬದಲಾವಣೆಗಳಲ್ಲಿ ಅದೂ ಒಂದು.

ಅಕ್ಟೋಬರ್ 17 ಇಲ್ಲಾ 18ಕ್ಕೆ ತುಲಾ ಸಂಕ್ರಮಣ. ತಲಕಾವೇರಿಯ ಬ್ರಹ್ಮಕುಂಡಿಕೆಯಲ್ಲಿ ತೀರ್ಥೋದ್ಭವ. ಒಂದು ವರ್ಷ ಅದು ಮಧ್ಯಾಹ್ನ ಬರುತ್ತದೆ, ಇನ್ನೊಂದು ವರ್ಷ ನಡುರಾತ್ರಿ. ಯಾವ ಹೊತ್ತಾದರೂ ಜನ ಮಂಜಿನಲ್ಲಿ ನಿಂತು ಕಾಯುತ್ತಾರೆ. ಆ ತೀರ್ಥವನ್ನು ಬಾಟಲಿಯಲ್ಲಿ ತಂದು ದೇವರ ಮನೆಯಲ್ಲಿ ಇಡುತ್ತಾರೆ, ಕೊನೆಯುಸಿರಿನ ಹೊತ್ತಿಗೆ ಬಾಯಿಗೆ ಒಂದು ಹನಿ ಬಿಡಲು. ಇದು ಎಲ್ಲರಿಗೂ ಗೊತ್ತಿರುವ ಭಾಗ. ಮನೆಯೊಳಗೆ ನಡೆಯೋದು ಕಣಿಪೂಜೆ. ತೆಂಗಿನಕಾಯಿಗೋ ಸೌತೆಕಾಯಿಗೋ ಕೆಂಪು ರೇಷ್ಮೆ ಸುತ್ತಿ, ಒಡವೆ ಹಾಕಿ, ಅದನ್ನೇ ಕಾವೇರಿ ಅಂತ ಕೂರಿಸುತ್ತಾರೆ. ಹಿಂದಿನ ದಿನ ಗದ್ದೆಯಲ್ಲಿ ಬೊತ್ತ್ ನೆಡುತ್ತಾರೆ, ಕೋಲಿನ ತುದಿಗೆ ಬಳ್ಳಿ ಸುತ್ತಿದ ಒಂದು ಗುರುತು. ಭತ್ತ ಹೊಡೆ ಬರುವ ಕಾಲ ಅದು, ತೆನೆಯೊಳಗೆ ಹಾಲು ತುಂಬುವ ಕಾಲ. ನದಿ ಹುಟ್ಟುವ ದಿನವನ್ನೂ ಗದ್ದೆಗೆ ಹೋಗಿ ಹೇಳಿ ಬರಬೇಕು ಅಂತ ಯಾರಿಗೆ ಹೊಳೆಯಿತೋ. ನನಗೆ ಇಡೀ ವರ್ಷದ ಆಚರಣೆಗಳಲ್ಲಿ ಇದು ಬಹಳ ಹತ್ತಿರದ್ದು.

ಆಮೇಲೆ ಹುತ್ತರಿ. ಪುದಿಯ ಅರಿ, ಹೊಸ ಅಕ್ಕಿ. ನವೆಂಬರ್ ಕೊನೆಗೋ ಡಿಸೆಂಬರಿಗೋ, ಹುಣ್ಣಿಮೆ ಮತ್ತು ರೋಹಿಣಿ ನಕ್ಷತ್ರ ನೋಡಿ, ಕಕ್ಕಬ್ಬೆಯ ಪಾಡಿ ಇಗ್ಗುತ್ತಪ್ಪ ದೇವಸ್ಥಾನದಲ್ಲಿ ದಿನ ಗೊತ್ತು ಮಾಡುತ್ತಾರೆ. ಮಳೆ ಬೆಳೆಯ ದೇವರು ಇಗ್ಗುತ್ತಪ್ಪ. ಮೂರು ಹೊತ್ತು ಹೇಳುತ್ತಾರೆ: ನೆರೆ ಕಟ್ಟುವುದು ಇಷ್ಟು ಗಂಟೆಗೆ, ಕದಿರು ತೆಗೆಯುವುದು ಇಷ್ಟಕ್ಕೆ, ಊಟ ಇಷ್ಟಕ್ಕೆ. ದೇವಸ್ಥಾನಕ್ಕೆ ಮೊದಲು, ನಾಡಿಗೆ ಆಮೇಲೆ. ಪೇಪರಿನಲ್ಲಿ ಅದು ಬಂದ ದಿನ ಅಪ್ಪ ಕತ್ತರಿಸಿ ಕ್ಯಾಲೆಂಡರಿನ ಮೊಳೆಗೆ ಸಿಕ್ಕಿಸುತ್ತಿದ್ದರು. ಈಗ ವಾಟ್ಸಾಪಿನಲ್ಲಿ ಬರುತ್ತದೆ, ಆದರೂ ನಾನು ಪೇಪರಿನದನ್ನೇ ಕತ್ತರಿಸಿ ಇಡುತ್ತೇನೆ.

ನೆರೆ ಅಂದರೆ ಮಾವು, ಅರಳಿ ಸೇರಿ ಐದು ಬಗೆಯ ಎಲೆಗಳ ಕಟ್ಟು. ಅದರೊಳಗೆ ಕದಿರು ಇಟ್ಟು ಮನೆ ತುಂಬ ಕಟ್ಟುತ್ತಾರೆ: ಬಾಗಿಲಿಗೆ, ನೆಲ್ಲಕ್ಕಿಯ ದೀಪದ ಹತ್ತಿರ, ಬಾವಿಗೆ, ದನದ ಕೊಟ್ಟಿಗೆಗೆ. ಈಗ ಕಾರಿಗೆ, ಬೈಕಿಗೆ ಕೂಡ. ರಾತ್ರಿ ಹೊಸ ಅಕ್ಕಿಯ ಪಾಯಸ, ಏಲಕ್ಕಿ ಪುಟ್ಟು, ಬಾಳೆಹಣ್ಣು ಕಿವುಚಿ ಹುರಿದ ಅಕ್ಕಿಹಿಟ್ಟು ಕಲಸಿದ ತಂಬುಟ್ಟು, ನೇರಳೆ ಬಣ್ಣದ ಹುತ್ತರಿ ಗೆಣಸು. ಮಾರನೇ ದಿನದಿಂದ ಊರ ಬಯಲು ಮಂದ್‌ಗಳಲ್ಲಿ ಕೋಲಾಟ, ದುಡಿ ಹಿಡಿದು ಮನೆಮನೆಗೆ ಹಾಡಲು ಬರುವವರು. ಕೊಡವರು ಮಾತ್ರ ಅಲ್ಲ, ಗೌಡರು, ಹೆಗ್ಗಡೆಯವರು, ಐರಿಗಳು, ಇಲ್ಲಿಯ ಎಷ್ಟೋ ಸಮುದಾಯಗಳು ಇದನ್ನು ತಮ್ಮದು ಅಂತಲೇ ಮಾಡುತ್ತಾರೆ.

ನೋಡಿದಿರಲ್ಲ. ಉಳುಮೆ, ನಾಟಿ, ನಾಟಿಯ ಕೊನೆ, ಹಾಲುತೆನೆ, ಕದಿರು. ಗದ್ದೆಯಲ್ಲಿ ಏನಾದರೂ ಆದರೆ ಮನೆಯಲ್ಲಿ ಹಬ್ಬ. ಅಡುಗೆಮನೆಗೆ ಹೋದರೂ ಹಾಗೇ: ಕಡಂಬುಟ್ಟು, ಪಾಪುಟ್ಟು, ನೂಲುಪುಟ್ಟು, ಅಕ್ಕಿ ಒಟ್ಟಿ, ಎಲ್ಲ ಅಕ್ಕಿಯೇ. ಮದುವೆಯಲ್ಲಿ ಪುರೋಹಿತರಿಲ್ಲ. ಹಿರಿಯರು ಒಬ್ಬೊಬ್ಬರಾಗಿ ಬಂದು ಮೊಣಕಾಲಿಗೆ, ಭುಜಕ್ಕೆ, ತಲೆಗೆ ಅಕ್ಕಿ ಹಾಕಿ, ಕಿಂಡಿ ಅನ್ನುವ ಕೊಳವೆ ಮೂತಿಯ ಪಾತ್ರೆಯಿಂದ ಒಂದು ಗುಟುಕು ಹಾಲು ಕುಡಿಸಿ, ಕೈಗೆ ದುಡ್ಡು ಕೊಡುತ್ತಾರೆ. ಅಷ್ಟೇ ಮದುವೆ. ಕಾಫಿ ಎಲ್ಲಿದೆ? ಜಗಲಿಯಲ್ಲಿ. ಬಂದವರಿಗೆ ಮೊದಲು ಕೊಡುವುದು ಕಾಫಿಯೇ, ಹಳೆ ಮನೆಗಳಲ್ಲಿ ಬೆಲ್ಲದ ಕಾಫಿ. ಆದರೆ ದೀಪದ ಮುಂದೆ ಅದು ಬರುವುದಿಲ್ಲ.

ಕಾಫಿ ನಿನ್ನೆ ಮೊನ್ನೆ ಬಂದದ್ದೂ ಅಲ್ಲ. ಕೊಡಗನ್ನು ಆಳಿದ ಹಾಲೇರಿ ಅರಸರ ಕಾಲದಲ್ಲೇ ನಾಲ್ಕುನಾಡು ಅರಮನೆಯ ಆಸುಪಾಸಿನಲ್ಲಿ ಮಲಬಾರಿನ ಮುಸ್ಲಿಮರಾದ ಮಾಪಿಳ್ಳೆಗಳು ಒಂದಿಷ್ಟು ಗಿಡ ಬೆಳೆಸಿದ್ದರು ಅನ್ನುತ್ತಾರೆ. 1834ರಲ್ಲಿ ಬ್ರಿಟಿಷರು ಚಿಕ್ಕವೀರರಾಜನನ್ನು ಇಳಿಸಿ ಕೊಡಗನ್ನು ತಗೊಂಡರು. ಇಪ್ಪತ್ತು ವರ್ಷ ಕಳೆದು, 1854ರಲ್ಲಿ ಫೌಲರ್ ಅನ್ನುವ ಆಂಗ್ಲ ಮಡಿಕೇರಿಯಲ್ಲಿ ಮೊದಲ ದೊಡ್ಡ ಎಸ್ಟೇಟ್ ಶುರು ಮಾಡಿದ. ನೋಡನೋಡುತ್ತಾ ಬೆಟ್ಟದ ಕಾಡು ಕಡಿದು ತೋಟ. 1860ರ ದಶಕದಲ್ಲಿ ಕಾಂಡಕೊರಕ ಹುಳ ಬಿದ್ದು ಎಷ್ಟೋ ತೋಟ ಹಾಳಾದವು, ಕಾಫಿ ಮತ್ತೆ ಎದ್ದಿತು. ಈಗ ದೇಶದಲ್ಲೇ ಅತಿ ಜಾಸ್ತಿ ಕಾಫಿ ಬೆಳೆಯುವ ಜಿಲ್ಲೆ ನಮ್ಮದು. 170 ವರ್ಷ ಅಂದರೆ ಆರೇಳು ತಲೆಮಾರು. ಒಂದು ಹಬ್ಬ ಹುಟ್ಟೋಕೆ ಅಷ್ಟು ಸಾಲದಾ?

ಇದನ್ನು ನಾನು ಪಕ್ಕದ ಮನೆಯ ಅಜ್ಜನ ಹತ್ತಿರ ಕೇಳಿದೆ. ಅವರಿಗೀಗ 84. ಜಗಲಿಯ ಮರದ ಹಲಗೆ ಐಮರದ ಮೇಲೆ ಕೂತು ಎಲೆ ಅಡಿಕೆ ಹಾಕುತ್ತಿದ್ದರು. ತುಂಬಾ ಹೊತ್ತು ಸುಮ್ಮನಿದ್ದು, ಕಾಫಿಯನ್ನ ಮೊದಲು ಯಾರಿಗೆ ಕೊಡ್ತೀಯ, ಅಂತ ನನ್ನನ್ನೇ ಕೇಳಿದರು. ನಾನು ಯೋಚನೆ ಮಾಡಿದೆ. ಹೊಸ ಅಕ್ಕಿಯನ್ನು ಮೊದಲು ದೇವರಿಗೆ ಕೊಡುತ್ತೇವೆ, ಆಮೇಲೆ ಕಾರಣರಿಗೆ, ಅಂದರೆ ಮನೆಯ ತೀರಿಹೋದ ಹಿರಿಯರಿಗೆ, ಆಮೇಲೆ ದನಕ್ಕೆ, ಆಮೇಲೆ ನಾವು ಉಣ್ಣುವುದು. ಕಾಫಿ? ಕೊಯ್ಯುತ್ತೇವೆ, ಕಣದಲ್ಲಿ ಒಣಗಿಸುತ್ತೇವೆ, 50 ಕಿಲೋದ ಚೀಲ ತುಂಬಿ ವ್ಯಾಪಾರಿಗೆ ಕೊಡುತ್ತೇವೆ. ಮೊದಲ ಪಾಲು ಲಾರಿಗೆ. ಅಜ್ಜ ಅಷ್ಟೇ ಕೇಳಿದ್ದು, ಮುಂದೆ ಏನೂ ಹೇಳಲಿಲ್ಲ. ನನಗೆ ಅರ್ಧ ಉತ್ತರ ಸಿಕ್ಕಿದ ಹಾಗಾಯಿತು.

ಉಳಿದರ್ಧ ನಾನು ಹುಡುಕಿಕೊಂಡದ್ದು. ಭತ್ತಕ್ಕೆ ಊರೆಲ್ಲ ಒಂದೇ ಹೊತ್ತಿಗೆ ಬೇಕು. ನೀರು ಮೇಲಿನ ಗದ್ದೆಯಿಂದ ಕೆಳಗಿನ ಗದ್ದೆಗೆ ಬರುತ್ತದೆ. ಮೇಲಿನವನು ಉಳದಿದ್ದರೆ ಕೆಳಗಿನವನ ಕೆಲಸವೂ ಕೆಡುತ್ತದೆ. ಇವತ್ತು ನಿಮ್ಮ ಗದ್ದೆಗೆ ನಾವು, ನಾಳೆ ನಮ್ಮ ಗದ್ದೆಗೆ ನೀವು, ಮುಯ್ಯಾಳು ಲೆಕ್ಕ. ಹೀಗೆ ಒಟ್ಟಿಗೆ ದುಡಿದವರಿಗೆ ಒಟ್ಟಿಗೆ ಮುಗಿಸಿದ ಖುಷಿಯೂ ಇರುತ್ತದೆ. ಕಾಫಿ ಹಾಗಲ್ಲ. ಅವರವರ ಬೇಲಿಯೊಳಗೆ ಅವರವರ ತೋಟ. ಅರೇಬಿಕಾ ನವೆಂಬರಿಗೆ, ರೋಬಸ್ಟಾ ಜನವರಿಯಿಂದ, ಒಂದೇ ಗಿಡದಲ್ಲಿ ಒಂದು ಹಣ್ಣು ಕೆಂಪು, ಇನ್ನೊಂದು ಹಸಿರು. ಕೊಯ್ಲಿನ ಕೊನೆಯ ದಿನ ಅಂತ ಊರಿಗೆಲ್ಲ ಒಂದು ದಿನ ಇಲ್ಲ. ಕೊಯ್ಯುವವರು ಕೂಲಿಗೆ ಬಂದವರು, ಎಷ್ಟೋ ಸಲ ದೂರದೂರಿಂದ ಬಂದು ಲೈನ್ ಮನೆಯಲ್ಲಿ ಇರುವವರು. ಅವರ ಹಬ್ಬ ಅವರ ಊರಿನಲ್ಲಿದೆ. ಬೆಲೆ ಕಟ್ಟುವುದು ಲಂಡನ್ನು, ನ್ಯೂಯಾರ್ಕು. ಬ್ರೆಜಿಲ್‌ನಲ್ಲಿ ಹಿಮ ಬಿದ್ದರೆ ಅಲ್ಲಿಯ ಬೆಳೆ ಹಾಳಾಗಿ ಬೆಲೆ ಏರುತ್ತದೆ, ನಮ್ಮಲ್ಲಿ ಹೊಸ ಮನೆ ಏಳುತ್ತದೆ. ಇದನ್ನೆಲ್ಲ ಯಾವ ದೇವರ ಮುಂದೆ ಹೇಳಿಕೊಳ್ಳೋದು, ಯಾವ ತಿಂಗಳು, ಯಾವ ದಿನ?

ಇನ್ನೊಂದು ವಿಷಯ ಇದೆ, ಇದು ನೆಲದ ದಾಖಲೆಯಲ್ಲೇ ಬರೆದಿರೋದು. ಕೊಡಗಿನಲ್ಲಿ ಹಳೆಯ ಜಮ್ಮಾ ಹಿಡುವಳಿ ಅಂದರೆ ಮೂಲದಲ್ಲಿ ಗದ್ದೆ. ಅರಸನಿಗೆ ಬೇಕಾದಾಗ ಯುದ್ಧಕ್ಕೆ ಬರಬೇಕು, ಅದಕ್ಕೆ ಬದಲಾಗಿ ಗದ್ದೆಗೆ ಅರ್ಧ ಕಂದಾಯ. ಗದ್ದೆಯನ್ನು ಅಳೆಯುತ್ತಿದ್ದದ್ದು ಭತ್ತದಿಂದಲೇ, ನೂರು ಬಟ್ಟಿ ಗದ್ದೆ ಅಂತ ಈಗಲೂ ಹಿರಿಯರು ಹೇಳುತ್ತಾರೆ. ಆ ಗದ್ದೆಯ ಜೊತೆಗೆ ಮೇಲಿನ ಗುಡ್ಡದ ಒಂದು ಭಾಗವನ್ನು ಬಾಣೆ ಅಂತ ಕೊಡುತ್ತಿದ್ದರು. ದನ ಮೇಯಿಸಲು, ಸೌದೆಗೆ, ಗದ್ದೆಗೆ ಬೇಕಾದ ಸೊಪ್ಪಿಗೆ. ಬಾಣೆಗೆ ಬೇರೆ ಕಂದಾಯ ಇರಲಿಲ್ಲ, ಯಾಕೆಂದರೆ ಅದು ಗದ್ದೆಯ ಬಾಲ. ಮುಂದೆ ಆ ಬಾಣೆಯಲ್ಲೇ ಕಾಫಿ ಬಂತು. ಅಂದರೆ ಇವತ್ತು ಎಷ್ಟೋ ಮನೆಗಳ ತೋಟ ನಿಂತಿರುವ ನೆಲ ಭತ್ತದ ಹೆಸರಲ್ಲಿ ಮನೆಗೆ ಬಂದ ನೆಲ. ಇದು ಗೊತ್ತಾದ ಮೇಲೆ, ಹುತ್ತರಿಯ ರಾತ್ರಿ ಮೂವತ್ತು ಜನ ಆ ಪುಟ್ಟ ಗದ್ದೆಯ ಸುತ್ತ ನಿಂತದ್ದು ನನಗೆ ಬೇರೆ ಥರ ಕಾಣತೊಡಗಿತು.

ಹಾಗಂತ ಕಾಫಿಯ ಮೇಲೆ ನನಗೆ ಪ್ರೀತಿ ಕಡಿಮೆ ಅಂದುಕೊಳ್ಳಬೇಡಿ. ಮಾರ್ಚಿನಲ್ಲಿ ಒಂದು ಸಲ ನಮ್ಮ ಕಡೆ ಬಂದು ನೋಡಿ. ಫೆಬ್ರವರಿಯಿಂದಲೇ ಎಲ್ಲರೂ ಆಕಾಶ ನೋಡುತ್ತಿರುತ್ತಾರೆ. ಮೊಗ್ಗು ಸಿದ್ಧವಾಗಿ ಒಣ ಕಡ್ಡಿಯ ಹಾಗೆ ಕೂತಿರುತ್ತದೆ, ಒಂದು ಒಳ್ಳೆಯ ಮಳೆ ಬೀಳಬೇಕು. ಅದನ್ನು ಹೂಮಳೆ ಅನ್ನುತ್ತೇವೆ. ಬಿದ್ದು ಎಂಟು ಹತ್ತು ದಿನಕ್ಕೆ ಒಂದು ಬೆಳಿಗ್ಗೆ ಎದ್ದರೆ ತೋಟವೆಲ್ಲ ಬಿಳಿ. ಮಲ್ಲಿಗೆಯಂಥ ವಾಸನೆ, ಆದರೆ ಮಲ್ಲಿಗೆಗಿಂತ ಭಾರ, ಕಿಟಕಿ ಹಾಕಿದರೂ ಒಳಗೆ ಬರುತ್ತದೆ. ಜೇನುನೊಣಗಳ ಸದ್ದು ದೂರದ ಮಿಲ್ಲಿನ ಹಾಗೆ. ಮೂರ್ನಾಲ್ಕು ದಿನ ಅಷ್ಟೇ. ಆಮೇಲೆ ಹೂ ಕಂದಿ ಉದುರುತ್ತದೆ, ಮತ್ತೆ ಒಂದು ಮಳೆಗೆ ಕಾಯಬೇಕು, ಕಾಯಿ ಕಚ್ಚಲು.

ನಮ್ಮ ಮನೆಯಲ್ಲಿ ಅಂಗಳದ ಮೂಲೆಗೆ ಮಳೆ ಅಳೆಯುವ ಡಬ್ಬಿ ಇದೆ. ಇಲ್ಲಿ ಬೆಳೆಗಾರರ ಎಷ್ಟೋ ಮನೆಗಳಲ್ಲಿ ಇರುತ್ತದೆ. ಅಳತೆ ಈಗಲೂ ಇಂಚು ಮತ್ತು ಸೆಂಟಿನಲ್ಲಿ, 100 ಸೆಂಟಿಗೆ 1 ಇಂಚು. ಅಪ್ಪ ದಿನಾ ಬೆಳಿಗ್ಗೆ ಅದನ್ನು ನೋಡಿ ಡೈರಿಯಲ್ಲಿ ಬರೆಯುತ್ತಿದ್ದರು. ಅವರು ಹೋದ ಮೇಲೆ ನಾನು ಬರೆಯುತ್ತಿದ್ದೇನೆ. ಆ ಡೈರಿಗಳಲ್ಲಿ ಬೇರೇನೂ ಇಲ್ಲ, ತಾರೀಖು ಮತ್ತು ಮಳೆ. ಆದರೆ ಹೂಮಳೆ ಬಿದ್ದ ದಿನದ ಪಕ್ಕದಲ್ಲಿ ಪ್ರತಿ ವರ್ಷ ಕೆಂಪು ಇಂಕಿನಲ್ಲಿ ಒಂದು ಸಣ್ಣ ಹೂವಿನ ಚಿತ್ರ ಬರೆದಿದ್ದಾರೆ, ಐದು ಎಸಳು. ಒಂದು ವರ್ಷ 30 ಸೆಂಟ್ ಮಾತ್ರ ಬಿದ್ದು ಹೂವು ಅರ್ಧ ಬಿರಿದು ಸುಟ್ಟ ಹಾಗಾಯಿತು, ಆವತ್ತು ಎರಡೇ ಎಸಳು ಬರೆದಿದ್ದಾರೆ. ಅವರ ಮಟ್ಟಿಗೆ ಕಾಫಿಯ ಹಬ್ಬ ಅದೇ ಆಗಿತ್ತೇನೋ. ಒಬ್ಬರೇ ಮಾಡಿದ ಹಬ್ಬ.

ಭತ್ತ ಬಿಟ್ಟವರನ್ನು ನಾನು ದೂರುವುದಿಲ್ಲ. ಲೆಕ್ಕ ಹಾಕಿದರೆ ಯಾರೂ ಗದ್ದೆ ಮಾಡುವುದಿಲ್ಲ. ಆಳು ಸಿಗುವುದಿಲ್ಲ, ಸಿಕ್ಕರೂ ಕೂಲಿ ಕೊಟ್ಟು ಉಳಿಯುವುದಿಲ್ಲ, ತೆನೆ ಬಲಿತ ರಾತ್ರಿಯೇ ಆನೆ ಬರುತ್ತದೆ. 2018ರ ಆಗಸ್ಟಿನಲ್ಲಿ ಮಕ್ಕಂದೂರು, ಮುಕ್ಕೋಡ್ಲು, ಹಟ್ಟಿಹೊಳೆ ಕಡೆ ಗುಡ್ಡವೇ ಜಾರಿ ಗದ್ದೆಗಳ ಮೇಲೆ ಮಣ್ಣು ಕೂತಿತು, ಆ ವರ್ಷದ ಕೈಲ್ ಮುಹೂರ್ತದಲ್ಲಿ ನಮ್ಮೂರಲ್ಲಿ ಯಾರೂ ಗುಂಡು ಹಾರಿಸಲಿಲ್ಲ. ಒಂದು ಮಾತು ಮಾತ್ರ ಹೇಳುತ್ತೇನೆ. ಪಕ್ಕದ ಮನೆಯ ದೊಡ್ಡ ಗದ್ದೆ ಪಾಳು ಬಿದ್ದ ಮೇಲೆ ನಮ್ಮ ಬಾವಿಯ ನೀರು ಫೆಬ್ರವರಿಗೇ ತಳ ಕಾಣುತ್ತಿದೆ. ಮಳೆಗಾಲವಿಡೀ ನೀರು ನಿಂತಿರುತ್ತಿದ್ದ ಜಾಗ ಅದು. ಈಗ ನಿಲ್ಲುವುದಿಲ್ಲ, ಹರಿದು ಹೋಗುತ್ತದೆ.

ನಮ್ಮ ತೋಟದ ಕೆಳಗೆ, ತೋಡಿನ, ಅಂದರೆ ಸಣ್ಣ ಹಳ್ಳದ ಪಕ್ಕ, ಒಂದು ಉದ್ದನೆಯ ಪಟ್ಟಿ ಇದೆ. ಮೊದಲು ಗದ್ದೆಯಾಗಿತ್ತಂತೆ, ಅಪ್ಪ ತಗೊಳ್ಳುವ ಹೊತ್ತಿಗೇ ಹುಲ್ಲಾಗಿತ್ತು. ಈ ಸಲ ಬಿಸು ಚಂಗ್ರಾಂದಿಗೆ ಅಲ್ಲಿ ಉಳುವುದು ಅಂತ ಆಗಿದೆ. ಬೆಂಗಳೂರಲ್ಲಿರುವ ಅಜ್ಜನ ಮೊಮ್ಮಗ ಫೋನ್ ಮಾಡಿ ನಾಟಿಗೆ ನಾಲ್ಕು ಜನ ಗೆಳೆಯರನ್ನು ಕರೆತರುತ್ತೇನೆ ಅಂದಿದ್ದಾನೆ. ಟಿಲ್ಲರ್ ಬಾಡಿಗೆಗೆ ಹೇಳಿದ್ದೇವೆ. ಒಬ್ಬರ ಮನೆಯಲ್ಲಿ ಇಂಟಾನ್ ಭತ್ತದ ಬೀಜ ಸಿಕ್ಕಿದೆ, ಅಗೆ ಹಾಕಲು ಅಷ್ಟು ಸಾಕು.

ಮೊನ್ನೆ ಸಂಜೆ ಅಜ್ಜನನ್ನು ಜಾಗ ತೋರಿಸಲು ಕರೆದುಕೊಂಡು ಹೋಗಿದ್ದೆ. ಕೋಲೂರಿಕೊಂಡು ಬಂದು ಬದುವಿನ ಮೇಲೆ ನಿಂತು ಈ ತುದಿಯಿಂದ ಆ ತುದಿಯವರೆಗೆ ನೋಡಿದರು. ಎಷ್ಟು ಉದ್ದ ಅಂತ ಕೇಳಿದರು. ಅರವತ್ತು ಹೆಜ್ಜೆ ಇರಬಹುದು ಅಂದೆ. ತಲೆಯಾಡಿಸಿ, ಕೋಲಿನಿಂದ ನಡುವೆ ಒಂದು ಗೆರೆ ತೋರಿಸಿ ಹೇಳಿದರು: "ಇಲ್ಲಿ ನೆಡಬೇಡಿ. ಹುಡುಗರು ಓಡಲಿ, ಆಮೇಲೆ ನೆಡಿ."